ಕೊಪ್ಪದಲ್ಲಿ ಊಟಕ್ಕೆ ನಿಂತ ಬಸ್ಸು

ಹರಿಹರಪುರ ದಾಟಿದ್ದೇ ತಡ, ಡ್ರೈವರ್ ರೇಣುಕಾಪ್ರಸಾದ್ ಬಸ್ಸನ್ನು ರಸ್ತೆಬದಿಗೆ ಎಳೆದು ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ಪೊದೆಗಳ ಹಿಂದೆ ಓಡಿದ. ಹಿಂದೆಯೇ ಬರುತ್ತಿದ್ದ ಎದುರಾಳಿ ಡ್ರೈವರ್ ತ್ರ್ಯಂಬಕನ ಬಸ್ಸು ಹಾರ್ನ್ ಹೊಡೆಯುತ್ತ ಮುಂದೆ ಹೋಯಿತು. ರೇಣುಕಾಪ್ರಸಾದ್ ಬೆವರೊರೆಸಿಕೊಳ್ಳುತ್ತ ಮರಳಿದಾಗ ಹಿಂದಿನ ಸೀಟಿನ ಕಾಲೇಜು ಹುಡುಗರು ಚಪ್ಪಾಳೆ ತಟ್ಟಿದರು. ಅವನು ತಲೆಯೆತ್ತದೆ ಗೇರ್ ಹಾಕಿದ.

ಅದು ಎರಡು ಸಾವಿರದ ಏಳನೇ ಇಸವಿ. ನರಸಿಂಹರಾಜಪುರದಿಂದ ಕೊಪ್ಪದ ಮೇಲೆ ಶೃಂಗೇರಿಗೆ ಹೋಗಿಬರುವ ಖಾಸಗಿ ಬಸ್ಸುಗಳಲ್ಲಿ ಯಾವುದು ಸ್ಟಾಪಿಗೆ ಮೊದಲು ಮುಟ್ಟುತ್ತದೋ ಜನ ಅದಕ್ಕೇ ಹತ್ತುತ್ತಿದ್ದರು. ಹಾಗಾಗಿ ರೇಣುಕಾಪ್ರಸಾದನ ಅರ್ಧ ಆಯುಷ್ಯ ಸೈಡ್ ಕನ್ನಡಿಯಲ್ಲಿ ತ್ರ್ಯಂಬಕನನ್ನು ನೋಡುವುದರಲ್ಲೇ ಕಳೆದಿತ್ತು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಟೀ, ದಾರಿಯುದ್ದಕ್ಕೂ ಗುಟ್ಕಾ, ಮಧ್ಯಾಹ್ನ ಕಿಟಕಿಯಲ್ಲಿ ಯಾರೋ ಕೊಟ್ಟ ಬನ್ನು. ರಾತ್ರಿ ಮಾತ್ರ ಮೂಗಿನವರೆಗೆ ಊಟ. ಎದೆಯುರಿ, ಹೊಟ್ಟೆಯುಬ್ಬರ, ಒಂದು ವಾರ ಭೇದಿ, ಮತ್ತೊಂದು ವಾರ ಮಲಬದ್ಧತೆ. ತನಗೆ ಕ್ಯಾನ್ಸರ್ ಆಗಿದೆ ಎಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ.

ಹೆಂಡತಿ ಶ್ವೇತಾಗೆ ಹೇಳಬೇಕಾಗಿಯೂ ಇರಲಿಲ್ಲ. ಗಂಡ ಸಡಿಲವಾದ ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಕೊರೆಯುತ್ತಿದ್ದುದನ್ನು ನೋಡಿದವಳೇ, "ನಾಳೆ ಡಾಕ್ಟ್ರ ಹತ್ರ ಹೋಗದೆ ಡ್ಯೂಟಿಗೆ ಹೋದ್ರೆ ನಾನು ಬಸ್ಸಿನ ಮುಂದೆ ಮಲಗ್ತೀನಿ" ಎಂದಳು.

ಕೊಪ್ಪದ ಡಾಕ್ಟರ್ ಮಹಿಮಾ ಅವನನ್ನು ಶಿವಮೊಗ್ಗಕ್ಕೆ ಕಳಿಸಿ, ಗಂಟಲಲ್ಲಿ ನಳಿಗೆ ಇಳಿಸುವ ಪರೀಕ್ಷೆಯನ್ನೂ ಮಾಡಿಸಿದರು. ವರದಿ ನೋಡಿ ನಕ್ಕರು.

"ಕ್ಯಾನ್ಸರ್ ಇಲ್ಲ, ಎಂತದ್ದೂ ಇಲ್ಲ. ಜಠರದ ಒಳಪದರ ಕೆಂಪಾಗಿದೆ ಅಷ್ಟೆ. ಕರುಳಿನ ಕಷ್ಟಕ್ಕೆ ಕಾರಣ ಬೇರೆ. ಡ್ರೈವ್ ಮಾಡುವಾಗ ನಿಮ್ಮ ತಲೆಯಲ್ಲಿ ಎಂತ ಓಡ್ತದೆ?"

"ಹಿಂದಿನ ಬಸ್ಸು, ಮೇಡಂ."

"ಹುಲಿ ಅಟ್ಟಿಸಿಕೊಂಡು ಬಂದ ಹಾಗೆ ದಿನವಿಡೀ ಇದ್ರೆ ಕರುಳು ತನ್ನ ಕೆಲಸ ಹೇಗೆ ಮಾಡೀತು? ತಲೆ ಹೆದರಿದ್ರೆ ಅದೂ ಹೆದರ್ತದೆ. ಮಾತ್ರೆ ಕೊಡ್ತೀನಿ. ಗುಟ್ಕಾ ಬಿಡಿ. ಹೊತ್ತಿಗೆ ಸರಿಯಾಗಿ, ಕೂತು, ಅಗಿದು ಉಣ್ಣಿ."

ಗುಟ್ಕಾ ಬಿಡುವಾಗ ಅವನು ಮನೆಯಲ್ಲಿ ಎಲ್ಲರ ಮೇಲೂ ರೇಗಿದ. ಆದರೂ ಬಿಟ್ಟ. ಬೆಳಿಗ್ಗೆ ಗಂಜಿ ಕುಡಿದು ಹೊರಟ. ಉಳಿದದ್ದು ಮಧ್ಯಾಹ್ನದ ಊಟ. ಬಸ್ಸಿನ ಮಾಲೀಕ ಶಿವಶಂಕರಪ್ಪನವರನ್ನು ಕೇಳಿದರೆ, "ಹೊಟ್ಟೆ ನಿಂದು, ಬಸ್ಸು ನಂದು. ನಿಲ್ಲಿಸಿದ್ರೆ ಜನ ಅವನ ಬಸ್ಸಿಗೆ ಹೋಗ್ತಾರೆ" ಎಂದುಬಿಟ್ಟರು.

ಮಾಲೀಕರು ಹೇಳಿದ್ದು ಸುಳ್ಳಲ್ಲ. ರೇಣುಕಾಪ್ರಸಾದ್ ರಾತ್ರಿಯೆಲ್ಲ ಯೋಚಿಸಿ, ಮರುದಿನ ಶೃಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ನೇರ ತ್ರ್ಯಂಬಕನ ಬಸ್ಸು ಹತ್ತಿದ. ಇಬ್ಬರೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಡ್ರೈವರ್ ಸೀಟಿನ ಪಕ್ಕ ಎದೆಯುರಿಯ ಗುಲಾಬಿ ಔಷಧದ ಬಾಟಲಿ ಇತ್ತು. ತನ್ನ ಬಸ್ಸಿನಲ್ಲಿದ್ದಂಥದ್ದೇ.

"ನಿಂಗೂ ಉಂಟಾ?"

ತ್ರ್ಯಂಬಕ ಬಾಟಲಿ ಮುಚ್ಚಿಡಲು ಹೋಗಿ ಕೈ ಹಿಂದೆಗೆದ. "ಎಂತ ಹೇಳೂದು ಮಾರಾಯ. ಕನ್ನಡಿಯಲ್ಲಿ ನಿನ್ನ ಬಸ್ಸು ಕಂಡ್ರೆ ಸಾಕು, ಹೊಟ್ಟೆಯೊಳಗೆ ಬೆಂಕಿ ಬೀಳ್ತದೆ."

ರೇಣುಕಾಪ್ರಸಾದನಿಗೆ ನಗು ತಡೆಯಲಾಗಲಿಲ್ಲ. ತ್ರ್ಯಂಬಕನೂ ನಕ್ಕ. ಮಧ್ಯಾಹ್ನ ಊಟದ ಹೊತ್ತಿಗೆ ಕೊಪ್ಪ ಮುಟ್ಟುವುದು ಅವರಿಬ್ಬರ ಬಸ್ಸು ಮಾತ್ರ. ಅಲ್ಲಿ ಊಟಕ್ಕೆ ಇಬ್ಬರೂ ಒಟ್ಟಿಗೇ ನಿಲ್ಲಿಸಿದರೆ ಜನ ಯಾವ ಬಸ್ಸಿಗೆ ಓಡುತ್ತಾರೆ? ಅಲ್ಲೇ ಮಾತು ಗಟ್ಟಿಯಾಯಿತು.

ಮರುದಿನ ಮಧ್ಯಾಹ್ನ ಕೊಪ್ಪದ ನಿಲ್ದಾಣದಲ್ಲಿ ಎರಡೂ ಬಸ್ಸುಗಳ ಇಂಜಿನ್ ಆಫಾಯಿತು. ಇಬ್ಬರೂ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿದರು. ಸುದ್ದಿ ಮುಟ್ಟಿ ಶಿವಶಂಕರಪ್ಪನವರು ಜೀಪಿನಲ್ಲಿ ಬಂದಿಳಿದರು.

"ಏಳೋ! ಬಸ್ಸು ತೆಗಿ!"

ರೇಣುಕಾಪ್ರಸಾದನ ಹೊಟ್ಟೆಯೊಳಗೆ ಹಳೆಯ ಹಿಂಡುವಿಕೆ ಶುರುವಾಯಿತು. ಆದರೆ ಅವನು ಏಳಲಿಲ್ಲ. "ಉಂಡೇ ಏಳ್ತೀನಿ ಯಜಮಾನ್ರೇ. ಬೇಡ ಅಂದ್ರೆ ಕೀ ಇಲ್ಲುಂಟು, ತಗೊಳ್ಳಿ."

ಬಸ್ಸಿನ ಕಿಟಕಿಯಿಂದ ಮೇಗುಂದದ ಕಲ್ಲಮ್ಮ ಎಂಬ ಹಿರಿಯ ಹೆಂಗಸು ತಲೆ ಹೊರಹಾಕಿದರು. "ಊಟಕ್ಕೆ ಕೂತವನನ್ನ ಎಬ್ಬಿಸ್ತೀಯೇನಪ್ಪಾ? ಯಾವ ಮನೆ ಸಂಸ್ಕಾರ ಇದು? ಅವನ ಕೈಯಲ್ಲಿ ನಮ್ಮೆಲ್ಲರ ಜೀವ ಉಂಟು. ಉಣ್ಣಲಿ, ನಾವು ಕಾಯ್ತೀವಿ."

"ಕಾಯ್ತೀವಿ!" ಎಂದಿತು ಬಸ್ಸು. ಪಕ್ಕದ ಬಸ್ಸೂ ದನಿಗೂಡಿಸಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಹಿಂದಿನ ಸೀಟಿನ ಹುಡುಗರು.

ಶಿವಶಂಕರಪ್ಪನವರು ಕೀಯನ್ನೂ ನೋಡಿದರು, ಜನರನ್ನೂ ನೋಡಿದರು. "ಬೇಗ ಉಣ್ಣು" ಎಂದರು.

"ಅಗಿದು ಉಣ್ಬೇಕಂತೆ, ಡಾಕ್ಟ್ರು ಹೇಳಿದಾರೆ" ಎಂದ ತ್ರ್ಯಂಬಕ. ನಿಲ್ದಾಣವೇ ನಕ್ಕಿತು. ಮಾಲೀಕರ ಮೀಸೆಯಡಿಯಲ್ಲೂ ನಗು ಕಾಣಿಸಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಆ ಮಾರ್ಗದ ಎಲ್ಲ ಬಸ್ಸುಗಳೂ ಸರದಿಯ ಮೇಲೆ ಊಟಕ್ಕೆ ನಿಲ್ಲತೊಡಗಿದವು. ಮಾಲೀಕರೇ ಒಟ್ಟು ಸೇರಿ ನಿಲ್ದಾಣದ ವೇಳಾಪಟ್ಟಿಯಲ್ಲಿ ಊಟದ ವಿರಾಮವನ್ನು ಬರೆಸಿದರು. ರೇಣುಕಾಪ್ರಸಾದನ ಹೊಟ್ಟೆ ಒಂದೇ ಸಲಕ್ಕೆ ಸರಿಹೋಗಲಿಲ್ಲ. ನಡುವೆ ಕೆಲವು ಕೆಟ್ಟ ದಿನಗಳೂ ಬಂದವು. ಆದರೆ ಕೆನ್ನೆ ತುಂಬಿಕೊಂಡಿತು, ನಿದ್ದೆ ಬಂತು. ದೀಪಾವಳಿಯ ದಿನ ಅವನು ಶ್ವೇತಾಳ ಎದುರು ಕೂತು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಹೆದರಿಕೆಯಿಲ್ಲದೆ, ನಿಧಾನವಾಗಿ ಉಂಡ.

"ಇನ್ನೊಂದು?" ಎಂದಳು ಅವಳು.

"ಹಾಕು" ಎಂದ.