ನಮ್ಮಿಬ್ಬರ ನಡುವಿನ ಪಿಸ್ತೂಲು

ಬೈಕಿನ ವೇಗಕ್ಕೆ ಜಾಕೆಟ್ಟಿನ ಅಂಚು ಮತ್ತೆ ಗಾಳಿಗೆ ಎದ್ದಿತು, ಸೊಂಟದ ಹಿಂದೆ ತಣ್ಣಗಾಯಿತು, ಎಡಗೈಯಿಂದ ಎಳೆದು ಮುಚ್ಚಿಕೊಂಡೆ — ಪಿಸ್ತೂಲು ಯಾರಿಗೂ ಕಾಣಬಾರದು, ಮೂವತ್ತು ವರ್ಷದ ಅಭ್ಯಾಸ, ಇವತ್ತು ಬೆಳಿಗ್ಗೆಯೂ ಕನ್ನಡಕ ಹಾಕಿಕೊಂಡ ಹಾಗೆ ಕೈ ತಾನಾಗಿ ಅದನ್ನು ಬೆನ್ನಿಗೆ ಸಿಕ್ಕಿಸಿಬಿಟ್ಟಿತಲ್ಲ, ಥೂ, ಹೋಗುತ್ತಿರುವುದು ಆಸ್ಪತ್ರೆಗೆ, ಹೆಂಡತಿ ಲೊರೀನಳನ್ನು ನೋಡುವುದಕ್ಕೆ, ಅವಳನ್ನು ಅಲ್ಲಿ ಮಲಗಿಸಿದ್ದೇ ಇದು. ಎದುರಿನ ಬೈಕಿನವನು ಎರಡು ಬೆರಳು ಕೆಳಗೆ ಚಾಚಿ ಹೋದ, ಬೈಕಿನವರ ನಮಸ್ಕಾರ ಅದು, ನಾನೂ ಚಾಚಿದೆ, ನನ್ನನ್ನು ಒಳ್ಳೆಯವನೆಂದುಕೊಂಡಿರಬೇಕು ಪಾಪ. ನಮ್ಮಲ್ಲಿ ಇದ್ದದ್ದು ಒಂದೇ ಒಂದು ನಿಯಮ, ಮದುವೆಯಾದ ವರ್ಷ ಅವಳೇ ಮಾಡಿದ್ದು, ವೆಂಡೆಲ್, ನಿನ್ನ ಬೆನ್ನಿಗೆ ಅದು ಒರಗಲಿ ಇಲ್ಲಾ ನಾನು ಒರಗ್ತೀನಿ, ಇಬ್ಬರಿಗೂ ಜಾಗ ಇಲ್ಲ ಕಣೋ, ಅಂದು ನಕ್ಕಿದ್ದಳು — ಅಂದಿನಿಂದ ಅವಳು ಹಿಂದೆ ಕೂತರೆ ಪಿಸ್ತೂಲು ಬೈಕಿನ ಪಕ್ಕದ ಚೀಲಕ್ಕೆ. ಮಂಗಳವಾರ ಚರ್ಚಿನ ಊಟಕ್ಕೆ ತಡವಾಗಿತ್ತು, ಒಂದು ಚೀಲದಲ್ಲಿ ಮಳೆಯಂಗಿ, ಇನ್ನೊಂದರಲ್ಲಿ ಅವಳು ಬೇಯಿಸಿದ ಬೀನ್ಸ್ ಪಾತ್ರೆ, ಎಲ್ಲ ತೆಗೆದು ಜೋಡಿಸುವ ತಾಪತ್ರಯ ಯಾರಿಗೆ ಬೇಕು, ಆರೇ ಮೈಲಿ ತಾನೆ, ಬೆನ್ನಲ್ಲೇ ಇರಲಿ ಅಂದುಕೊಂಡೆ. ಏನೋ ಗಟ್ಟಿಯಾಗಿ ಒತ್ತುತ್ತಿದೆಯಲ್ಲ, ಅಂದಳು. ಬೆಲ್ಟು, ಅಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ನಮ್ಮ ಮಿಸೌರಿಯ ರಸ್ತೆಗೆ ಜಿಂಕೆ ಹೊಸದಲ್ಲ, ಒಂದು ಅಡ್ಡ ಹಾರಿತು, ಬ್ರೇಕ್ ಹಿಡಿದೆ, ಬೀಳಲಿಲ್ಲ, ನಿಂತೆವು ಕೂಡ, ಅವಳು ಪೂರಾ ನನ್ನ ಬೆನ್ನಿಗೆ ಬಂದು ಬಡಿದಳು ಅಷ್ಟೆ — ಅಯ್ಯೋ, ಪಕ್ಕೆ, ವೆಂಡೆಲ್. ಸ್ವಲ್ಪ ಓಡಾಡು, ಸರಿಹೋಗುತ್ತೆ. ಹಾಗಂದೆನಲ್ಲ ನಾನು, ಸರಿಹೋಗುತ್ತೆ ಅಂತ! ಅವಳು ಚರ್ಚಿನ ಊಟದ ಮನೆಯಲ್ಲಿ ಎಲ್ಲರಿಗೂ ಬೀನ್ಸ್ ಬಡಿಸಿದಳು, ಬಡಿಸುತ್ತಲೇ ಮೇಜು ಹಿಡಿದುಕೊಂಡು ಕುಸಿದಳು, ಒಳಗೆ ಗುಲ್ಮ ಅನ್ನುವ ಅಂಗ ಹರಿದು ಹೊಟ್ಟೆಯೆಲ್ಲ ರಕ್ತ. ಹ್ಯಾಂಡಲ್ ತಗುಲಿತು ಡಾಕ್ಟ್ರೇ, ಅಂದೆ. ಅವರು ಹೊದಿಕೆ ಸರಿಸಿ ತೋರಿಸಿದರು, ಎಡ ಪಕ್ಕೆಯ ಕೆಳಗೆ ನೀಲಿ ಕಲೆ, ಹೆಬ್ಬೆರಳಿನಷ್ಟು ಉದ್ದ, ಪಿಸ್ತೂಲಿನ ಹಿಡಿಕೆಯ ಬುಡದ ಅದೇ ಆಕಾರ — ಹ್ಯಾಂಡಲ್ಲಿಗೆ ನಾಲ್ಕು ಮೂಲೆ ಇರುತ್ತಾ ಸ್ವಾಮಿ, ಅಂದರು. ಮೂರು ದಿನದಿಂದ ಕಣ್ಣು ಮುಚ್ಚಿದರೆ ಆ ನಾಲ್ಕು ಮೂಲೆ. ಇವತ್ತು ಮಗಳು ಟೆಸ್ಸಾ ಫೋನು ಮಾಡಿದಳು, ಅಪ್ಪಾ, ಅಮ್ಮನಿಗೆ ಎಚ್ಚರ ಆಯ್ತು, ನಿನ್ನನ್ನೇ ಕೇಳ್ತಿದ್ದಾಳೆ, ಬೇಗ ಬಾ. ಹೇಳಿಬಿಡುತ್ತೇನೆ, ಬಾಗಿಲಲ್ಲೇ ನಿಂತು ಹೇಳಿಬಿಡುತ್ತೇನೆ, ಬೈಯಲಿ, ಬಿಟ್ಟುಹೋಗಲಿ, ಅವಳ ಹಕ್ಕು ಅದು.

ಬಂದೂಕು ತರಬಾರದೆಂಬ ಫಲಕ ಆಸ್ಪತ್ರೆಯ ಗಾಜಿನ ಬಾಗಿಲಲ್ಲಿ, ಹಿಂದಿರುಗಿ ಹೋಗಿ ಪಿಸ್ತೂಲನ್ನು ಚೀಲಕ್ಕೆ ಹಾಕಿ ಬೀಗ ಒತ್ತಿದೆ, ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಎರಡು ನಿಮಿಷ. ಬೆನ್ನು ಬರಿದಾಗಿದೆ, ನಡೆಯುವುದೇ ಮರೆತಂತಾಗಿದೆ, ಕೋಣೆ ಬಂತು, ಅವಳ ಮುಖ ಎಷ್ಟು ಸಣ್ಣಗಾಗಿದೆ ದೇವರೇ, ಟೆಸ್ಸಾ ಕೇಳುತ್ತಿದ್ದಾಳೆ, ಅಮ್ಮಾ, ನಿಜವಾಗಿ ಏನು ತಗುಲಿತು ನಿಂಗೆ? ಲೊರೀನ್ ನನ್ನ ಕಡೆಗೆ ಕೈ ಚಾಚಿದಳು, ಅದೇನೋ ಗೊತ್ತಿಲ್ಲಮ್ಮ, ನಾನೇ ಸಡಿಲವಾಗಿ ಕೂತಿದ್ದೆ, ತಪ್ಪು ನಂದೇ, ಪಾಪ ನಿಮ್ಮಪ್ಪ ಜಿಂಕೆಯಿಂದ ನನ್ನ ಉಳಿಸಿದ್ರು, ಅವರಿಗೆ ಏನೂ ಅನ್ನಬೇಡ. ಹೇಳು ವೆಂಡೆಲ್, ಈಗಲೇ ಹೇಳು, ಬಾಯಿ ತೆರೆದಿದೆ, ಅವಳು ನನ್ನ ಕೈಯನ್ನು ಹೊದಿಕೆಯ ಒಳಗೆ ಎಳೆದುಕೊಂಡಳು, ಇಲ್ಲಿ ಇಡು, ನಿನ್ನ ಕೈ ತಣ್ಣಗಿದೆ, ಹಿತವಾಗುತ್ತೆ — ಅಂಗೈಯ ಕೆಳಗೆ, ಬಟ್ಟೆಯ ಕೆಳಗೆ, ಊದಿದ ಆ ಕಲೆಯ ಒಂದು ಮೂಲೆ, ಎರಡು, ಮೂರು, ನಾಲ್ಕು