ಕಟ್ ಮಾಡಿದ ಕರೆಗಳು

ಅಖ್ತರ್ ಬಾನು ಗುಬ್ಬಿಯ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾರೆ. ಹೊಲಿಗೆ ಆಯಿತೇ ಎಂದು ತಿಳಿಯಲು ಸುತ್ತಲ ಹಳ್ಳಿಯ ಹೆಂಗಸರು ಅವರ ಫೋನಿಗೆ ಕರೆ ಮಾಡುತ್ತಾರೆ. ಆಗಿದ್ದರೆ ಬಾನು ಕಟ್ ಮಾಡುತ್ತಾರೆ. ಆಗದಿದ್ದರೆ ಅದರ ಪಾಡಿಗೆ ರಿಂಗಾಗಲು ಬಿಡುತ್ತಾರೆ. ಯಾರೂ ಮಾತಾಡುವುದಿಲ್ಲ. ಕುಣಿಗಲ್ಲಿನಲ್ಲಿರುವ ತಂಗಿ ಮಾತಾಡಬೇಕೆಂದರೆ ಬಾನುವಿನ ಮಗ ಅತೀಕನ ಫೋನಿಗೇ ಮಾಡುತ್ತಾಳೆ.

ಬಸ್ ಸ್ಟ್ಯಾಂಡ್ ಎದುರು ಛತ್ರಿ ಹಾಕಿಕೊಂಡು ಸಿಮ್ ಮಾರುವ ಇಂಪನಾ ಬಾನುವಿನ ಹಳೇ ಗಿರಾಕಿ. ನಂಬರನ್ನು ತನ್ನ ಕಂಪನಿಗೆ ಬದಲಾಯಿಸಿಕೊಂಡರೆ ವರ್ಷವಿಡೀ ರೀಚಾರ್ಜ್ ಇಲ್ಲದೆಯೂ ಇನ್‌ಕಮಿಂಗ್ ಬರುತ್ತದೆ ಎಂದು ಅವಳು ಮನೆಗೇ ಬಂದು ಹೇಳಿದ್ದಳು. ಬಾನು ಒಪ್ಪಿದರು. ಆದರೆ ಯುಗಾದಿಯ ಹೊಲಿಗೆ ಜೋರಾಗಿದ್ದಾಗಲೇ ಇನ್‌ಕಮಿಂಗ್ ನಿಂತಿತು. ಅಂಗಡಿ ಮುಚ್ಚಿದೆಯೆಂದುಕೊಂಡು ಕೆಲವರು ಬೇರೆ ಟೈಲರ್ ಹತ್ತಿರ ಹೋದರು.

ಎಂ.ಎ. ಮುಗಿಸಿ ಮನೆಯಲ್ಲಿದ್ದ ಅತೀಕ ತುಮಕೂರಿನಲ್ಲಿದ್ದ ಸಿಮ್ ಕಂಪನಿಯ ಷೋರೂಮಿಗೆ ಹೊರಟ. ಜಗಳ ಆಡು, ಆದರೆ ಆ ಹುಡುಗಿಯ ಹೆಸರು ಎತ್ತಬೇಡ ಎಂದು ತಾಯಿ ಹೇಳಿ ಕಳಿಸಿದರು.

ಷೋರೂಮಿನ ಮ್ಯಾನೇಜರ್ ಕಂಪ್ಯೂಟರ್ ನೋಡಿದ. "ನಿಮ್ಮ ತಾಯಿ ಒಂದು ಕಾಲ್ ಕೂಡ ರಿಸೀವ್ ಮಾಡಿಲ್ಲ ಸಾರ್. ಯೂಸ್ ಮಾಡ್ದೇ ಇರೋ ನಂಬರ್‌ಗೆ ಆಫರ್ ಇರಲ್ಲ."

ಕಟ್ ಮಾಡುವುದೇ ಉತ್ತರವೆಂದು ಅತೀಕ ವಿವರಿಸಿದ. ಹೇಳುತ್ತಾ ಹೇಳುತ್ತಾ ಅವನಿಗೇ ಅದು ತಮಾಷೆಯಂತೆ ಕೇಳಿಸಿತು. ಮ್ಯಾನೇಜರ್ ನಗಲಿಲ್ಲ. ಈ ಕಂಡೀಷನ್ ಹೇಳದೆ ಸಿಮ್ ಮಾರಿದವರು ಯಾರೆಂದು ತಿಳಿದರೆ, ಅವರ ತಪ್ಪೆಂದು ಬರೆದುಕೊಂಡು ಆಫರ್ ಮತ್ತೆ ಹಾಕಿಕೊಡಬಹುದು ಎಂದ. ಅತೀಕ ಗಾಜಿನ ಬಾಗಿಲಿನಾಚೆ ನೋಡಿದ. ಆಮೇಲೆ ಹೆಸರು ಹೇಳಿದ. ಹೇಳಿದ ಮೇಲೆ ಬಾಯಿ ನಿಲ್ಲಲಿಲ್ಲ. ಅವಳು ಛತ್ರಿ ಹಾಕುವ ಜಾಗವನ್ನೂ ಹೇಳಿದ.

ಮರುದಿನವೇ ತಾಯಿಯ ಫೋನ್ ರಿಂಗಾಯಿತು. ಬಾನು ಖುಷಿಯಿಂದ ಕಟ್ ಮಾಡಿದರು.

ಆ ವಾರ ಬಸ್ ಸ್ಟ್ಯಾಂಡ್ ಎದುರು ಛತ್ರಿ ಕಾಣಲಿಲ್ಲ. ಪಕ್ಕದಲ್ಲಿ ಬಾಳೆಹಣ್ಣು ಮಾರುವ ವೀರಭದ್ರಯ್ಯನನ್ನು ಅತೀಕ ಕೇಳಿದ.

"ಕೆಲ್ಸದಿಂದ ತೆಗೆದಾಕವ್ರೆ ಕಣಪ್ಪ. ಯಾರೋ ಕಂಪ್ಲೇಂಟ್ ಕೊಟ್ರಂತೆ. ನಮ್ಮೂರೋರೇ ಇರ್ಬೇಕು. ಇಲ್ದಿದ್ರೆ ಅವ್ಳು ಕೂರೋ ಜಾಗ ತುಮಕೂರೋರಿಗೆ ಹೆಂಗ್ ಗೊತ್ತಾಯ್ತದೆ?"

ಅತೀಕ ಬೇಡದಿದ್ದರೂ ಹಣ್ಣು ಕೊಂಡ. ಅಲ್ಲಿಂದಲೇ ಮತ್ತೆ ತುಮಕೂರಿಗೆ ಹೋಗಿ ದೂರು ವಾಪಸ್ ತಗೊಳ್ಳುತ್ತೇನೆ ಎಂದು ಷೋರೂಮಿನಲ್ಲಿ ಹೇಳಿದ. ಬಗೆಹರಿದ ದೂರನ್ನು ವಾಪಸ್ ತಗೊಳ್ಳಲು ಬರುವುದಿಲ್ಲವೆಂದು ಮ್ಯಾನೇಜರ್ ವಿನಯದಿಂದಲೇ ತಿಳಿಸಿದ. ಮನೆಯಲ್ಲಿ ಅತೀಕ ಏನನ್ನೂ ಹೇಳಲಿಲ್ಲ. ತಾಯಿ ಮಷಿನ್ ತುಳಿಯುವಾಗ ಎದುರಿಗೆ ಕೂರುವುದನ್ನು ಬಿಟ್ಟ.

ಭಾನುವಾರ ಇಂಪನಾ ತನ್ನ ರವಿಕೆ ತೆಗೆದುಕೊಳ್ಳಲು ಬಂದಳು. ಬಾನು ಅವಳನ್ನು ಕೂರಿಸಿ ಟೀ ಕೊಟ್ಟರು.

"ನಿನ್ನ ಮಾತು ಉಳೀತು ಕಣಮ್ಮ. ಫೋನ್ ಬರ್ತಾ ಇದೆ. ಅತೀಕ ತುಂಬಾ ಓಡಾಡ್ದ. ಆದ್ರೂ ಎಲ್ಲೂ ನಿನ್ನ ಹೆಸರು ಬಿಡ್ಲಿಲ್ಲ, ನೋಡು."

ಇಂಪನಾ ಲೋಟ ಹಿಡಿದುಕೊಂಡು ಅತೀಕನ ಕಡೆ ನೋಡಿದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳು ಕಾಯುತ್ತಿದ್ದಳು. ಅವಳಾಗಿ ಹೇಳುವುದಿಲ್ಲ ಎಂಬುದು ಅವನಿಗೆ ಅರ್ಥವಾಯಿತು. ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತಿತ್ತು.

"ಹೇಳ್ದೆ ಅಮ್ಮಿ," ಎಂದ. "ಹೆಸರೂ ಹೇಳ್ದೆ, ಜಾಗನೂ ಹೇಳ್ದೆ. ಇವ್ಳ ಕೆಲ್ಸ ಹೋಯ್ತು."

ಬಾನು ಮಡಿಸುತ್ತಿದ್ದ ರವಿಕೆಯನ್ನು ಹಾಗೇ ಹಿಡಿದುಕೊಂಡರು.

"ಆ ಕಂಡೀಷನ್ ಕಂಪನಿಯೋರು ನಮಗೂ ಹೇಳಿರ್ಲಿಲ್ಲ ಅಣ್ಣ," ಎಂದಳು ಇಂಪನಾ. "ಹೋಗೋಕ್ ಮುಂಚೆ ನನ್ನ ಒಂದ್ ಮಾತು ಕೇಳಿದ್ರೆ ನಾನೂ ಬರ್ತಿದ್ದೆ. ಇಬ್ರೂ ಸೇರಿ ಕೇಳ್ಬೋದಿತ್ತು."

ಅವಳ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಅವಳನ್ನು ಕೇಳಬಹುದೆಂದು ಅತೀಕನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಹೋದ ಮೇಲೆ ಬಾನು ಮಷಿನ್ ಮುಂದೆ ಕೂತು ಸೂಜಿಗೆ ದಾರ ಪೋಣಿಸಿದರು. ಆಮೇಲೆ ತಲೆ ಎತ್ತದೆ, ಜಾಗವನ್ನೂ ಷೋರೂಮಿನವರೇ ಕೇಳಿದರಾ ಎಂದರು.

ಇಲ್ಲ ಎಂದ ಅತೀಕ.