ದೊಡ್ಡಮ್ಮನ ಜಾಗ

ಕೆಂಪು ಪೆನ್ಸಿಲ್ ತನ್ನಷ್ಟಕ್ಕೆ ತಾನೇ ಓಡಿಬಿಟ್ಟಿತು. ಮೂವತ್ತನಾಲ್ಕು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ. ತಪ್ಪು ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರುವುದು ಅದಕ್ಕೆ ಗೊತ್ತಿಲ್ಲ. ಗೆರೆ ಎಳೆದಾದ ಮೇಲಷ್ಟೇ ನಿವೃತ್ತ ಪ್ರೂಫ್‌ರೀಡರು ನೋಡಿದರು. ಹೊಡೆದುಹಾಕಿದ್ದು ದೊಡ್ಡಮ್ಮನ ಹೆಸರನ್ನು.

ಎರಡು ವರ್ಷದಿಂದ ಊಟದ ಮೇಜಿನ ತುಂಬ ಅವರ ವಂಶವೃಕ್ಷ ಹರಡಿಕೊಂಡಿತ್ತು. "ಸತ್ತೋರಿಗೆ ಮೇಜು, ಬದುಕಿರೋರಿಗೆ ತೊಡೆ," ಎಂದು ಹೆಂಡತಿ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಉಣ್ಣುತ್ತಿದ್ದಳು. ಮುತ್ತಜ್ಜನ ಇಬ್ಬರು ತಮ್ಮಂದಿರು ಹಳೇ ಕಡತದಲ್ಲಿ ಸಿಕ್ಕ ದಿನ ಪ್ರೂಫ್‌ರೀಡರು ಬೀಗಿದ್ದೇ ಬೀಗಿದ್ದು. ಇವತ್ತು ದಾಖಲೆ ಕಚೇರಿಯಿಂದ ಅಮ್ಮನ ಜನನ ಪತ್ರದ ನಕಲು ಬಂದಿತ್ತು. ಅದರಲ್ಲಿ ಸ್ಪಷ್ಟವಾಗಿ 'ಮೊದಲನೆಯ ಮಗು' ಎಂದಿತ್ತು. ಅಮ್ಮನೇ ಹಿರಿಯಳಾದರೆ, ಅಮ್ಮನ ಒಡಹುಟ್ಟಿದ ಅಕ್ಕ ಎಂದು ಅರವತ್ತೆರಡು ವರ್ಷ ನಂಬಿದ್ದ ದೊಡ್ಡಮ್ಮ ಎಲ್ಲಿಂದ ಬಂದಳು?

ಪಕ್ಕದ ಕೋಣೆಯಿಂದ ಕೋಲೂರುವ ಸದ್ದು ಬಂತು. ಪತ್ರ ಮುಚ್ಚಿಡಲು ಹೋದರು, ಆಗಲಿಲ್ಲ. ಎಂಬತ್ತೈದರ ದೊಡ್ಡಮ್ಮನಿಗೆ ಕಿವಿ ಮಂದ, ಕಣ್ಣು ಮಾತ್ರ ಇನ್ನೂ ಸೂಜಿ ಪೋಣಿಸುವಂಥದ್ದು.

"ನನ್ನ ಮೇಲೆ ಗೆರೆ ಎಳ್ದಿದ್ದೀಯಲ್ಲೋ."

"ಅದು... ಕೈತಪ್ಪಿ, ದೊಡ್ಡಮ್ಮ."

"ನಿನ್ನ ಕೈ ಯಾವತ್ತು ತಪ್ಪಿದೆ?" ಪತ್ರ ಓದಿ ಕುರ್ಚಿಯಲ್ಲಿ ಕೂತಳು. ಮುಖ ಸಣ್ಣಗಾಯಿತು. "ನೀನು ಇದನ್ನ ಬರೀತೀನಿ ಅಂದ ದಿನದಿಂದ ಹೆದರ್ತಾನೇ ಇದ್ದೆ. ನಾನು ನಿಮ್ಮಮ್ಮನ ಅಕ್ಕ ಅಲ್ಲಪ್ಪ. ನೀನು ಹುಟ್ಟಿದಾಗ ಅವಳಿಗೆ ಜ್ವರ ಬಿಡ್ಲೇ ಇಲ್ಲ. ನಿನ್ನ ನೋಡ್ಕೊಳ್ಳೋಕೆ ಎರಡು ತಿಂಗಳಿಗೆ ಅಂತ ಬಂದೋಳು."

"ಮತ್ತೆ ದೊಡ್ಡಮ್ಮ ಅಂತ..."

"ನೀನೇ ಇಟ್ಟಿದ್ದು. ನಿಮ್ಮಮ್ಮ ಕುಳ್ಳಿ, ನಾನು ಬಾಗಿಲಷ್ಟು ಎತ್ತರ. ಅವಳು ಅಮ್ಮ, ನಾನು ದೊಡ್ಡ ಅಮ್ಮ! ಮಾತು ಬಂದ ಹೊಸದರಲ್ಲಿ ಹಂಗೇ ಕರೆದೆ. ನಿಮ್ಮಮ್ಮ ನಕ್ಕೂ ನಕ್ಕೂ ಸುಸ್ತಾದ್ಳು. ಕೇಳ್ದೋರೆಲ್ಲ ಅಕ್ಕತಂಗಿ ಅಂದ್ಕೊಂಡ್ರು. ನಾವೂ ತಿದ್ದಲಿಲ್ಲ."

ಸ್ವಲ್ಪ ಹೊತ್ತು ಕೋಲಿನ ಹಿಡಿಯನ್ನೇ ಸವರುತ್ತಿದ್ದಳು.

"ಹಂಗಾದ್ರೆ ಇದ್ರಲ್ಲಿ ನಂಗೆ ಜಾಗ ಇಲ್ಲ, ಅಲ್ವೇನೋ?"

ಪ್ರೂಫ್‌ರೀಡರಿಗೆ ಈ ಹಾಳು ಹವ್ಯಾಸ ಯಾಕಾದರೂ ಹಚ್ಚಿಕೊಂಡೆನೋ ಅನ್ನಿಸಿತು. ಮತ್ತೆ ಕೆಂಪು ಪೆನ್ಸಿಲ್ ಎತ್ತಿಕೊಂಡು, ಹೊಡೆದುಹಾಕಿದ ಹೆಸರಿನ ಕೆಳಗೆ ಒಂದೊಂದೇ ಚುಕ್ಕಿ ಇಟ್ಟರು.

"ಇದೇನೋ ಇದು, ಇರುವೆ ಸಾಲು?"

"ನಮ್ಮ ಕೆಲಸದಲ್ಲಿ ಹೀಗೇ, ದೊಡ್ಡಮ್ಮ. ಸರಿಯಾಗಿದ್ದಿದ್ದನ್ನ ಹೊಡೆದುಹಾಕಿದ್ರೆ ಕೆಳಗೆ ಚುಕ್ಕಿ ಇಡ್ತೀವಿ. ಇದ್ದ ಹಾಗೇ ಇರಲಿ ಅಂತ."

ದೊಡ್ಡಮ್ಮ ಚುಕ್ಕಿಗಳ ಮೇಲೆ ಬೆರಳಾಡಿಸಿ, ಬೆರಳ ತುದಿಗೆ ಅಂಟಿದ ಕೆಂಪನ್ನು ನೋಡಿಕೊಂಡಳು.

"ಪೆನ್ಸಿಲ್ ಅಳಿಸಿಹೋಗತ್ತೆ ಕಣೋ."

ಅವರು ಪೆನ್ನಿನ ಮುಚ್ಚಳ ತೆಗೆದರು. ಕಾಗದ ಅಲುಗದಂತೆ ದೊಡ್ಡಮ್ಮ ಅದರ ಅಂಚನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು.